ಪೆಟ್ಟಾದ ಮೇಲೆ, ಆಪರೇಷನ್ ಆದ ಮೇಲೆ ಫಿಸಿಯೋಥೆರಪಿ ಯಾವಾಗ ಶುರು ಮಾಡಬೇಕು? ಹಂತ ಹಂತದ ಮಾರ್ಗದರ್ಶಿ

ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿದ್ದ ಹೆಂಗಸೊಬ್ಬರು, ಅದನ್ನು ಬಿಚ್ಚಿಸಿದ ಮರುದಿನವೇ ನನ್ನ ಹತ್ತಿರ ಬಂದರು. ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ಮುಷ್ಟಿ ಕಟ್ಟಿ ಅಂದರೆ ಬೆರಳ ತುದಿ ಅಂಗೈ ಮುಟ್ಟುತ್ತಿರಲಿಲ್ಲ, ನಡುವೆ ಮೂರು ಬೆರಳಷ್ಟು ಜಾಗ ಉಳಿಯುತ್ತಿತ್ತು. ತೋಳು ಭುಜದ ಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ. ಬೆರಳಿಗಾಗಲಿ ಭುಜಕ್ಕಾಗಲಿ ಏಟೇ ಬಿದ್ದಿರಲಿಲ್ಲ. "ಪ್ಲಾಸ್ಟರ್ ಬಿಚ್ಚಿದ ಮೇಲೆ ತಾನೇ ಫಿಸಿಯೋಥೆರಪಿ?" ಅಂತ ಕೇಳಿದರು. ಮಣಿಕಟ್ಟು ಸರಿಹೋಗಲು ಹಿಡಿದ ಕಾಲಕ್ಕಿಂತ ಆ ಬೆರಳುಗಳು ಸರಿಹೋಗಲು ಜಾಸ್ತಿ ಕಾಲ ಹಿಡಿಯಿತು.

ಇದಕ್ಕೆ ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಭುಜದ ಟೆಂಡನ್ (ಸ್ನಾಯುವನ್ನು ಮೂಳೆಗೆ ಅಂಟಿಸುವ ಗಟ್ಟಿ ಹುರಿ) ಹೊಲಿಸಿಕೊಂಡು, ಮೂರನೇ ವಾರಕ್ಕೆ ನೋವು ಕಡಿಮೆಯಾಯಿತು ಅಂತ ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯಲು ಕೈ ಎತ್ತುತ್ತಾರೆ. ಒಳಗಿನ ಹೊಲಿಗೆಗೆ ಆ ಭಾರ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಇಬ್ಬರೂ ಎಡವಿದ್ದು ಒಂದೇ ಕಡೆ. ಫಿಸಿಯೋಥೆರಪಿ ಶುರುವಾಗಲು ಒಂದು ತಾರೀಕು ಇದೆ, ಅಲ್ಲಿವರೆಗೆ ಏನೂ ಇಲ್ಲ, ಆಮೇಲೆ ಎಲ್ಲ ಮಾಡಬಹುದು ಅಂತ ಅಂದುಕೊಂಡಿದ್ದರು. ಹಾಗಿಲ್ಲ. ಒಂದೇ ಮೈಯಲ್ಲಿ ಒಂದು ಕೀಲಿನ ಕೆಲಸ ಇವತ್ತೇ ಶುರುವಾಗಬೇಕು, ಇನ್ನೊಂದರದ್ದು ಎರಡು ವಾರಕ್ಕೆ, ಮತ್ತೊಂದಕ್ಕೆ ಭಾರ ಕೊಡುವುದು ಮೂರು ತಿಂಗಳಿಗೆ. ಆ ಲೆಕ್ಕವನ್ನು ನೀವೇ ಅರ್ಥ ಮಾಡಿಕೊಂಡು, ನಿಮ್ಮ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳುವ ಹಾಗಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

## ಮೊದಲು ಇಷ್ಟು ಜೋಡಿಸಿಕೊಳ್ಳಿ

ದುಬಾರಿ ಯಂತ್ರ ಏನೂ ಬೇಡ. ಎರಡು ಟವೆಲ್, ಎರಡು ದಿಂಬು, ಐಸ್ ಕಟ್ಟಲು ತೆಳು ಬಟ್ಟೆ, ಹೊಲಿಗೆಯವರ ಟೇಪು, ತೂಕ ನೋಡುವ ಯಂತ್ರ, ಅಲ್ಲಾಡದ ಒಂದು ಕುರ್ಚಿ. ಕಾಲಿನ ತೊಂದರೆಯಾದರೆ ವಾಕರ್, ಕಂಕುಳಿನ ಊರುಗೋಲು ಅಥವಾ ಕೈಗೋಲು, ಇವುಗಳಲ್ಲಿ ಡಾಕ್ಟರು ಹೇಳಿದ್ದು ಒಂದು. ಇದರ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅದು ಯಾಕೆ ಅನ್ನುವುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಆಪರೇಷನ್ ತಾರೀಕು ಮೊದಲೇ ಗೊತ್ತಿದ್ದರೆ ಇನ್ನೂ ಒಳ್ಳೆಯದು. ವಾಕರ್ ಹಿಡಿದು ನಡೆಯುವುದು, ಹಾಸಿಗೆಯಿಂದ ಏಳುವ ರೀತಿ, ತೊಡೆ ಬಿಗಿ ಮಾಡುವ ವ್ಯಾಯಾಮ, ಇವೆಲ್ಲ ನೋವಿಲ್ಲದಿರುವಾಗಲೇ ಕಲಿತುಬಿಡಿ. ಹೊಲಿಗೆ ಹಾಕಿಸಿಕೊಂಡು, ಮಾತ್ರೆಯ ಮಂಪರಿನಲ್ಲಿ ಹೊಸದೇನನ್ನೂ ಕಲಿಯಲು ಆಗುವುದಿಲ್ಲ.

## ಹಂತ 1: ಮನೆಗೆ ಹೊರಡುವ ಮೊದಲು ಐದು ಪ್ರಶ್ನೆ ಕೇಳಿ

"ಫಿಸಿಯೋಥೆರಪಿ ಯಾವಾಗ ಶುರು ಮಾಡಲಿ?" ಅಂತ ಕೇಳಿದರೆ "ಎರಡು ವಾರ ಬಿಟ್ಟು ಬನ್ನಿ" ಅನ್ನುವ ಉತ್ತರ ಸಿಗುತ್ತದೆ. ಆ ಎರಡು ವಾರ ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಅದರಲ್ಲಿ ಇಲ್ಲ. ಬದಲಿಗೆ ಇವನ್ನು ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ:

1. ಒಳಗೆ ಏನೇನು ಮಾಡಿದ್ದೀರಿ? ಬರೀ ಸ್ವಚ್ಛ ಮಾಡಿದ್ದೋ, ಏನಾದರೂ ಹೊಲಿದಿದ್ದೋ, ಪ್ಲೇಟು ಸ್ಕ್ರೂ ಹಾಕಿದ್ದೋ?
2. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಸ್ವಲ್ಪವೂ ಇಲ್ಲವೋ, ಅರ್ಧವೋ, ಪೂರ್ತಿಯೋ?
3. ಈ ಕೀಲನ್ನು ಎಷ್ಟು ಮಡಚಬಹುದು? ನಾನೇ ಮಡಚಬಹುದೋ, ಬೇರೆಯವರು ಆಡಿಸಬೇಕೋ?
4. ಪಟ್ಟಿ ಅಥವಾ ಬ್ರೇಸ್ ಯಾವಾಗ ತೆಗೆಯಬಹುದು? ಮಲಗುವಾಗಲೂ ಇರಬೇಕಾ?
5. ಯಾವ ಚಲನೆ ಮಾಡಲೇಬಾರದು? ಯಾವ ತಾರೀಕಿನವರೆಗೆ?

ಮೊದಲ ಪ್ರಶ್ನೆಯೇ ಮುಖ್ಯ. ಇಬ್ಬರಿಗೆ "ಮಂಡಿಯ ದುರ್ಬೀನು ಆಪರೇಷನ್" ಆಗಿರುತ್ತದೆ. ಒಬ್ಬರಿಗೆ ಹರಿದ ಮಿನಿಸ್ಕಸ್ (ಮಂಡಿಯ ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಭಾಗ) ತುಂಡನ್ನು ಕತ್ತರಿಸಿ ತೆಗೆದಿರುತ್ತಾರೆ, ಸಾಮಾನ್ಯವಾಗಿ ಅವರು ಕೆಲವೇ ದಿನಗಳಲ್ಲಿ ಪೂರ್ತಿ ಭಾರ ಹಾಕಿ ನಡೆಯುತ್ತಾರೆ. ಇನ್ನೊಬ್ಬರಿಗೆ ಅದೇ ಮಿನಿಸ್ಕಸ್ ಹೊಲಿದಿರುತ್ತಾರೆ, ಅವರಿಗೆ ಹಲವು ವಾರ ಭಾರಕ್ಕೂ ಮಡಚುವುದಕ್ಕೂ ಮಿತಿ ಇರುತ್ತದೆ. ಹೊರಗಿನಿಂದ ಇಬ್ಬರಿಗೂ ಕಾಣುವುದು ಒಂದೇ ರೀತಿಯ ಎರಡು ಚಿಕ್ಕ ಗಾಯ. ಪಕ್ಕದವರ ವ್ಯಾಯಾಮ ನೋಡಿ ಮಾಡಬೇಡಿ ಅಂತ ನಾವು ಹೇಳುವುದು ಇದಕ್ಕೇ.

ಡಿಸ್ಚಾರ್ಜ್ ಸಮ್ಮರಿಯ ಜೊತೆ ಆಪರೇಷನ್ ನೋಟ್ಸ್ ಪ್ರತಿಯನ್ನೂ ಕೇಳಿ ಪಡೆಯಿರಿ. ಫಿಸಿಯೋ ಹತ್ತಿರ ಹೋಗುವಾಗ ಆ ಕಾಗದ ಕೈಯಲ್ಲಿರಲಿ.

## ಹಂತ 2: ಈ ಲಕ್ಷಣ ಇದ್ದರೆ ವ್ಯಾಯಾಮ ಬೇಡ, ಆಸ್ಪತ್ರೆಗೆ ಹೋಗಿ

ಇದನ್ನು ಕೊನೆಗೆ ಬರೆಯುವ ರೂಢಿ ಇದೆ. ನಾನು ಮೊದಲೇ ಬರೆಯುತ್ತೇನೆ, ಏಕೆಂದರೆ ಕೊನೆವರೆಗೆ ಎಲ್ಲರೂ ಓದುವುದಿಲ್ಲ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ಒತ್ತಿಸಬೇಡಿ, ತಿಕ್ಕಿಸಬೇಡಿ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ಒಂದು ನಿಮಿಷವೂ ಕಾಯಬೇಡಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆ ಇರುತ್ತದೆ.

ಪ್ಲಾಸ್ಟರ್ ಒಳಗೆ ನೋವು ಗಂಟೆಗಂಟೆಗೂ ಏರುತ್ತಾ ಹೋಗಿ, ಮಾತ್ರೆಗೂ ಬಗ್ಗದಿದ್ದರೆ, ಬೆರಳು ತಣ್ಣಗಾಗಿ ನೀಲಿ ಅಥವಾ ಬಿಳಚಿಕೊಂಡಿದ್ದರೆ, ಜೋಮು ಹಿಡಿದಿದ್ದರೆ, ಬೇರೆಯವರು ನಿಮ್ಮ ಬೆರಳನ್ನು ನಿಧಾನಕ್ಕೆ ನೀಡಿದರೂ ತಡೆಯಲಾಗದಷ್ಟು ನೋವಾದರೆ ಅದೂ ತುರ್ತು. ಬೆಳಗಾಗಲಿ ಅಂತ ಕಾದರೆ ಸ್ನಾಯು ಸಾಯಬಹುದು.

ಗಾಯದಿಂದ ಕೀವು, ದಿನದಿಂದ ದಿನಕ್ಕೆ ಹರಡುವ ಕೆಂಪು, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಇದ್ದರೆ ಆಪರೇಷನ್ ಮಾಡಿದವರಿಗೆ ಅವತ್ತೇ ತಿಳಿಸಿ. ಬೆನ್ನಿನ ತೊಂದರೆ ಇರುವವರಿಗೆ ಮೂತ್ರ ಕಟ್ಟಿದರೆ, ಅಥವಾ ಕುಳಿತಾಗ ನೆಲಕ್ಕೆ ತಾಗುವ ಜಾಗ ಮರಗಟ್ಟಿದರೆ ಅದೂ ತುರ್ತು.

ಹಿಮ್ಮಡಿಯ ಗಂಟು ಉಳುಕಿದವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಹಾಕಲು ಆಗುತ್ತಿಲ್ಲವೇ? ಗಂಟಿನ ಎರಡೂ ಬದಿ ಎದ್ದು ಕಾಣುವ ಮೂಳೆಯ ಹಿಂಬದಿ ಅಂಚನ್ನು ಒತ್ತಿದರೆ ಮೂಳೆಯೇ ನೋಯುತ್ತದೆಯೇ? ಇವೆರಡರಲ್ಲಿ ಒಂದಕ್ಕೆ ಹೌದು ಅಂದರೂ ಮೊದಲು ಎಕ್ಸ್‌ರೇ, ಆಮೇಲೆ ವ್ಯಾಯಾಮ.

## ಹಂತ 3: ಮೊದಲ ದಿನದಿಂದಲೇ ಪೆಟ್ಟಾಗದ ಭಾಗಕ್ಕೆ ಕೆಲಸ ಕೊಡಿ

ಮೇಲೆ ಹೇಳಿದ ಲಕ್ಷಣ ಯಾವುದೂ ಇಲ್ಲ, ಡಾಕ್ಟರು ಬೇಡ ಅಂದಿಲ್ಲ ಅಂದರೆ ಈ ಹಂತಕ್ಕೆ ಕಾಯುವುದೇ ಬೇಡ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಲ್ಲಿವರೆಗೆ ಸುಮ್ನೆ ಮಲಗಿದ್ದರೆ ತೊಡೆಯ ಸ್ನಾಯು ಕಣ್ಣಿಗೆ ಕಾಣುವಷ್ಟು ಸೊರಗಿಬಿಡುತ್ತದೆ.

ಕೈಗೆ ಪ್ಲಾಸ್ಟರ್ ಇದ್ದರೆ: ಐದೂ ಬೆರಳನ್ನು ಪೂರ್ತಿ ನೀಡಿ, ಪೂರ್ತಿ ಮುಷ್ಟಿ ಕಟ್ಟಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಪ್ಲಾಸ್ಟರ್ ಮೊಣಕೈಯಿಂದ ಕೆಳಗಿದ್ದರೆ ಮೊಣಕೈ ಮಡಚಿ ನೀಡಿ, ತೋಳನ್ನು ತಲೆಯ ಮೇಲಕ್ಕೆ ಎತ್ತಿ. ಕುಳಿತಾಗ ಕೈ ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿರಲಿ. ದಿನವಿಡೀ ಜೋಲಿಯಲ್ಲಿ ಇಳಿಬಿಟ್ಟುಕೊಂಡರೆ ಬೆರಳು ಊದುತ್ತದೆ, ಊದಿದ ಬೆರಳು ಮಡಚುವುದಿಲ್ಲ, ಮಡಚದ ಬೆರಳು ಬಿಗಿಯುತ್ತದೆ. ಆದರೆ ಬೆರಳಿನ ಟೆಂಡನ್ ಕತ್ತರಿಸಿ ಹೊಲಿಸಿಕೊಂಡವರಿಗೆ ಈ ಮಾತು ಅಲ್ಲ. ಅವರದು ಹೆಚ್ಚಾಗಿ ಮೊದಲ ವಾರದಲ್ಲೇ, ವಿಶೇಷ ಸ್ಪ್ಲಿಂಟ್ ಒಳಗೆ, ಕೈಯ ಥೆರಪಿಸ್ಟ್ ಕಣ್ಣೆದುರು ಶುರುವಾಗುತ್ತದೆ. ತಾವಾಗಿ ಮುಷ್ಟಿ ಬಿಗಿದರೆ ಹೊಲಿಗೆ ಕಿತ್ತುಹೋಗಬಹುದು.

ಕಾಲಿನ ಆಪರೇಷನ್ ಆಗಿದ್ದರೆ: ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಗಂಟೆಗೆ 20 ಸಲ. ಇದರಿಂದ ಮೀನಖಂಡ ಪಂಪಿನ ಹಾಗೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಪಾದ, ಗಂಟು ಅಥವಾ ಹಿಮ್ಮಡಿಯ ಮೇಲಿನ ಟೆಂಡನ್ನಿಗೇ ಆಪರೇಷನ್ ಆಗಿದ್ದರೆ ಮಾತ್ರ ಕೇಳದೆ ಮಾಡಬೇಡಿ.

ಹೊಟ್ಟೆ ಅಥವಾ ಎದೆಯ ಆಪರೇಷನ್ ಆಗಿದ್ದರೆ ಮೊದಲ ಫಿಸಿಯೋಥೆರಪಿ ಅಂದರೆ ಉಸಿರು. ಮೂಗಿನಿಂದ ನಿಧಾನಕ್ಕೆ ಪೂರ್ತಿ ಎಳೆದು, ಎರಡು ಮೂರು ಸೆಕೆಂಡು ಹಿಡಿದು, ಬಾಯಿಂದ ಬಿಡಿ. ಗಂಟೆಗೆ ಹತ್ತು ಉಸಿರು. ಕೆಮ್ಮು ಬಂದರೆ ದಿಂಬನ್ನು ಗಾಯದ ಮೇಲೆ ಅಪ್ಪಿ ಹಿಡಿದು ಕೆಮ್ಮಿ. ನೋಯುತ್ತದೆ ಅಂತ ಕೆಮ್ಮು ತಡೆದರೆ ಕಫ ಕೆಳಗೆ ಉಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಹಾಸಿಗೆಯಿಂದ ನೇರ ಏಳಬೇಡಿ. ಮೊದಲು ಪೂರ್ತಿ ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ.

## ಹಂತ 4: ಪೆಟ್ಟಾದ ಜಾಗಕ್ಕೆ ಯಾವಾಗ?

ಉಳುಕು, ಸ್ನಾಯು ಸೆಳೆತ. ಮೊದಲ ಎರಡು ಮೂರು ದಿನ ರಕ್ಷಣೆ ಮುಖ್ಯ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ಎತ್ತರಕ್ಕಿಡಿ, ನೋವಿಗೆ ಬೇಕಾದರೆ ಬಟ್ಟೆಯಲ್ಲಿ ಸುತ್ತಿದ ಐಸ್ 10ರಿಂದ 15 ನಿಮಿಷ. ಶಾಖ ಬೇಡ, ತಿಕ್ಕುವುದು ಬೇಡ. ಆದರೆ ರಕ್ಷಣೆ ಅಂದರೆ ಅಲ್ಲಾಡಿಸದೆ ಇಡುವುದಲ್ಲ. ಎರಡನೇ ಮೂರನೇ ದಿನದಿಂದಲೇ ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವ ಹಾಗೆ ಪಾದ ಆಡಿಸಿ. ಊತ ಇಳಿಯುತ್ತಾ ಬಂದ ಹಾಗೆ ನಡಿಗೆ, ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು. ಈ ಕೊನೆಯದನ್ನು ಬಿಟ್ಟವರಿಗೇ ಅದೇ ಗಂಟು ಮತ್ತೆ ಮತ್ತೆ ಉಳುಕುವುದು.

ತೊಡೆಗೆ ಜೋರಾಗಿ ಗುದ್ದು ಬಿದ್ದು ಒಳಗೆ ರಕ್ತ ಕಟ್ಟಿದ್ದರೆ ತಿಕ್ಕಿಸುವುದು ಖಂಡಿತಾ ಬೇಡ. ಆ ರಕ್ತಗಂಟಿನಲ್ಲಿ ಮೂಳೆಯೇ ಬೆಳೆದುಬಿಡುವುದುಂಟು. ವಾರಗಳು ಕಳೆದರೂ ಗಂಟು ಗಟ್ಟಿಯಾಗುತ್ತಲೇ ಇದ್ದು, ಮಂಡಿ ಮಡಚುವುದು ಕಡಿಮೆಯಾಗುತ್ತಿದ್ದರೆ ತೋರಿಸಿ.

ಮಂಡಿಯ ಕೀಲು ಬದಲಿಸಿದ ಮೇಲೆ. ಆಪರೇಷನ್ ಆದ ದಿನವೇ ಅಥವಾ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಹೆದರಬೇಡಿ, ಹೊಸ ಕೀಲು ಭಾರ ಹೊರಲು ಸಿದ್ಧವಾಗಿಯೇ ಇರುತ್ತದೆ. ಇಲ್ಲಿ ಎಲ್ಲರೂ ಮಂಡಿ ಎಷ್ಟು ಮಡಚುತ್ತದೆ ಅಂತ ಕೇಳುತ್ತಾರೆ. ನಾನು ಮೊದಲು ನೋಡುವುದು ಎಷ್ಟು ನೇರವಾಗುತ್ತದೆ ಅನ್ನುವುದನ್ನು. ಪೂರ್ತಿ ನೇರವಾಗದ ಕಾಲಲ್ಲಿ ಜೀವನವಿಡೀ ಕುಂಟಬೇಕಾಗುತ್ತದೆ.

ಮನೆಯವರು ಪ್ರೀತಿಯಿಂದ ಮಾಡುವ ತಪ್ಪು ಒಂದಿದೆ. ನೋವು ಕಡಿಮೆಯಾಗಲಿ ಅಂತ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಆರಾಮ ಅನಿಸುತ್ತದೆ ನಿಜ, ಆದರೆ ಕಾಲು ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಳ್ಳುತ್ತದೆ. ಆ ದಿಂಬು ತೆಗೆದುಬಿಡಿ. ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಹಿಂಭಾಗ ಗಾಳಿಯಲ್ಲಿರಲಿ. ಈಗ ಮಂಡಿಯನ್ನು ಹಾಸಿಗೆಯ ಕಡೆ ಒತ್ತಿ, ಐದು ಸೆಕೆಂಡು ಹಿಡಿಯಿರಿ. ಮಂಡಿ ಚಿಪ್ಪಿನ ಮೇಲ್ಭಾಗದಲ್ಲಿ ಬೆರಳಿಟ್ಟು ನೋಡಿ: ಸ್ನಾಯು ಗಟ್ಟಿಯಾಗಬೇಕು, ಚಿಪ್ಪು ತೊಡೆಯ ಕಡೆ ಸ್ವಲ್ಪ ಜಾರಬೇಕು. ಹಾಗಾಗದಿದ್ದರೆ ನೀವು ಒತ್ತುತ್ತಿರುವುದು ಪೃಷ್ಠದಿಂದ, ತೊಡೆಯಿಂದ ಅಲ್ಲ. ಮೊದಲ ಒಂದೆರಡು ದಿನ ಏನೂ ಆಗದಿದ್ದರೂ ಬಿಡಬೇಡಿ. ಊತ ಇರುವಾಗ ಆ ಸ್ನಾಯು ಮಂಕಾಗಿರುತ್ತದೆ. ಒಳ್ಳೆಯ ಕಾಲಲ್ಲಿ ಮೊದಲು ಮಾಡಿ ತೋರಿಸಿದರೆ ಬೇಗ ಹಿಡಿತಕ್ಕೆ ಸಿಗುತ್ತದೆ. ದಿನಕ್ಕೆ ನಾಲ್ಕೈದು ಸರದಿ, ಸರದಿಗೆ ಹತ್ತು.

ಮಡಚುವುದಕ್ಕೆ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ನಿಮ್ಮ ಕಡೆ ಎಳೆದುಕೊಳ್ಳಿ. ಎರಡು ವಾರದ ಹೊತ್ತಿಗೆ 90 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟು ಮಡಚುವುದು ಸಾಮಾನ್ಯ ಗುರಿ. ಆರು ವಾರವಾದರೂ ಅಲ್ಲಿಗೆ ಬಂದಿಲ್ಲವಾದರೆ ಆಪರೇಷನ್ ಮಾಡಿದವರಿಗೆ ತೋರಿಸಿ. ಆಗ ಸಡಿಲಿಸುವುದು ಸುಲಭ, ವರ್ಷವಾದ ಮೇಲೆ ಬಹಳ ಕಷ್ಟ.

ಸೊಂಟದ ಕೀಲು ಬದಲಿಸಿದ ಮೇಲೆ. ನಡಿಗೆ ಇಲ್ಲೂ ಅದೇ ದಿನ ಅಥವಾ ಮರುದಿನ. ಆದರೆ ಹಿಂಬದಿಯಿಂದ ಆಪರೇಷನ್ ಮಾಡಿದ್ದರೆ ಹಲವು ವಾರ ಮೂರು ನಿಷೇಧ ಇರುತ್ತವೆ: ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ತಗ್ಗು ಕುರ್ಚಿ ಬೇಡ.

ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಕಟ್ಟು, ಅಂದರೆ ಲಿಗಮೆಂಟ್) ಆಪರೇಷನ್. ಮರುದಿನದಿಂದ ಶುರು. ಮೊದಲೆರಡು ವಾರದ ಕೆಲಸ ಮೂರೇ: ಊತ ಇಳಿಸುವುದು, ಮಂಡಿ ಪೂರ್ತಿ ನೇರ ಮಾಡುವುದು, ತೊಡೆ ಎಚ್ಚರಿಸುವುದು. ಮೂರು ನಾಲ್ಕು ತಿಂಗಳಿಗೆ ಮಂಡಿ ಚೆನ್ನಾಗಿದೆ ಅನಿಸುತ್ತದೆ, ಅಪಾಯದ ಕಾಲ ಅದೇ. ಓಡಿ ತಿರುಗುವ ಆಟಗಳಿಗೆ 9 ತಿಂಗಳಿಗಿಂತ ಮೊದಲು ಮರಳಬೇಡಿ.

ಭುಜದ ಟೆಂಡನ್ ಹೊಲಿಗೆ. ತಾಳ್ಮೆ ಬೇಕಾದ ಆಪರೇಷನ್ ಇದು. ಜೋಲಿ 4ರಿಂದ 6 ವಾರ. ಆ ಕಾಲದಲ್ಲಿ ಬೆರಳು, ಮಣಿಕಟ್ಟು, ಮೊಣಕೈ ಆಡುತ್ತಿರಲಿ. ಡಾಕ್ಟರು ಒಪ್ಪಿದರೆ ಭುಜವನ್ನು ಬೇರೆಯವರು ಆಡಿಸುತ್ತಾರೆ, ನೀವು ಬಲ ಹಾಕಬಾರದು. ತಾನಾಗಿ ಎತ್ತುವುದು ಸುಮಾರು 6 ವಾರದ ನಂತರ, ತೂಕದ ವ್ಯಾಯಾಮ ಸುಮಾರು 12 ವಾರದ ನಂತರ.

ಬೆನ್ನಿನ ಡಿಸ್ಕ್ ಆಪರೇಷನ್. ಅದೇ ದಿನ ಅಥವಾ ಮರುದಿನ ನಡಿಗೆ. ಮೊದಲ ವಾರಗಳಲ್ಲಿ ನಡಿಗೆಯೇ ಮುಖ್ಯ ವ್ಯಾಯಾಮ. ಚಿಕ್ಕ ಚಿಕ್ಕ ಸುತ್ತು, ದಿನಕ್ಕೆ ಹಲವು ಸಲ. ಬಗ್ಗಿ ಭಾರ ಎತ್ತುವುದು ಬೇಡ.

ಮೂಳೆ ಮುರಿತ. ಕೈಯ ಮೂಳೆ ಕೂಡಲು ಸುಮಾರು 6ರಿಂದ 8 ವಾರ, ಕಾಲಿನ ದೊಡ್ಡ ಮೂಳೆ ಕೂಡಲು 12 ವಾರ ಅಥವಾ ಅದಕ್ಕಿಂತ ಜಾಸ್ತಿ ಬೇಕು. ಪ್ಲೇಟು ಹಾಕಿದ್ದರೆ ಕೀಲು ಆಡಿಸಲು ಬೇಗ ಅನುಮತಿ ಸಿಗುತ್ತದೆ, ಭಾರಕ್ಕೆ ಮಾತ್ರ ಎಕ್ಸ್‌ರೇ ನೋಡಿಯೇ. ಪ್ಲೇಟಿದೆಯಲ್ಲ ಅಂತ ಧೈರ್ಯ ಮಾಡಬೇಡಿ. ಮೂಳೆ ಕೂಡುವ ಮೊದಲು ಪದೇ ಪದೇ ಭಾರ ಬಿದ್ದರೆ ಲೋಹವೂ ಬಾಗುತ್ತದೆ, ಮುರಿಯುತ್ತದೆ.

## ಹಂತ 5: ನೋವಿನ ಲೆಕ್ಕ ಇಡಿ

ನೋಟ್‌ಬುಕ್ ಬೇಕು ಅಂದದ್ದು ಇದಕ್ಕೆ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ವ್ಯಾಯಾಮದ ಮೊದಲು ಎಷ್ಟು, ಮಾಡುವಾಗ ಎಷ್ಟು, ಮರುದಿನ ಬೆಳಗ್ಗೆ ಎಷ್ಟು, ಈ ಮೂರನ್ನೂ ಬರೆಯಿರಿ.

ಮಾಡುವಾಗ 3 ಅಥವಾ 4ರವರೆಗೆ ಹೋಗಿ, ಮರುದಿನ ಬೆಳಗ್ಗೆ ಮೊದಲಿದ್ದಷ್ಟಕ್ಕೆ ಇಳಿದರೆ ಸರಿಯಾಗಿದೆ, ಮುಂದುವರಿಸಿ. ಮಂಡಿ ಬದಲಿಸಿದವರಿಗೆ ಮೊದಲ ವಾರಗಳಲ್ಲಿ ಇನ್ನೊಂದು ಅಂಕ ಜಾಸ್ತಿಯಾದರೂ ಗಾಬರಿ ಬೇಡ. ಮರುದಿನ ನೋವೂ ಊತವೂ ಹೆಚ್ಚಿದ್ದರೆ ನಿನ್ನೆ ಜಾಸ್ತಿಯಾಯಿತು ಅಂತ ಅರ್ಥ. ಆಗ ಪೂರ್ತಿ ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ. ಬಹಳ ಜನ ಇಲ್ಲಿ ಹೆದರಿ ಒಂದು ವಾರ ಬಿಟ್ಟುಬಿಡುತ್ತಾರೆ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ನೋವಿನ ಅಂಕದ ಜೊತೆ ನೋವಿನ ಗುಣವನ್ನೂ ಗಮನಿಸಿ. ಎಳೆದ ಹಾಗೆ, ದಣಿದ ಹಾಗೆ ಅನಿಸಿದರೆ ಪರವಾಗಿಲ್ಲ. ಚುಚ್ಚಿದ ಹಾಗೆ, ಹರಿದ ಹಾಗೆ, ಕರೆಂಟ್ ಹೊಡೆದ ಹಾಗೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಉರಿಯುವ ನೋವು, ಚರ್ಮದ ಬಣ್ಣ ಬದಲಾಗುವುದು, ಬಟ್ಟೆ ತಾಗಿದರೂ ಸಹಿಸಲಾಗದಿರುವುದು, ಇವು ಸೇರಿಕೊಂಡರೆ ನರಕ್ಕೆ ಸಂಬಂಧಿಸಿದ ಬೇರೆ ತೊಂದರೆ ಇರಬಹುದು. ಬೇಗ ತೋರಿಸಿದಷ್ಟೂ ಒಳ್ಳೆಯದು.

ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಟೇಪಿನಿಂದ ಊತದ ಸುತ್ತಳತೆ ತೆಗೆದುಕೊಳ್ಳಿ, ಪಕ್ಕದಿಂದ ಒಂದು ಫೋಟೊ ಹಿಡಿಸಿ. ದಿನದಿನಕ್ಕೆ ಏನೂ ಬದಲಾಗಿಲ್ಲ ಅನಿಸುತ್ತದೆ. ಮೂರು ವಾರದ ಫೋಟೊ ಒಟ್ಟಿಗಿಟ್ಟು ನೋಡಿದಾಗ ಜನರ ಮುಖ ಅರಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿ.

## ಹಂತ 6: ಭಾರ ಹಾಕುವುದು, ನಡೆಯುವುದು

"ಅರ್ಧ ಭಾರ ಹಾಕಿ" ಅಂದರೆ ಎಷ್ಟು? ಊಹೆ ಮಾಡಬೇಡಿ, ತೂಕದ ಯಂತ್ರ ಇದೆಯಲ್ಲ. ಅದನ್ನು ನೆಲಕ್ಕಿಟ್ಟು, ಪಕ್ಕದಲ್ಲಿ ಅಷ್ಟೇ ಎತ್ತರದ ಗಟ್ಟಿ ಹಲಗೆ ಇಡಿ. ವಾಕರ್ ಹಿಡಿದು ಒಳ್ಳೆಯ ಕಾಲು ಹಲಗೆಯ ಮೇಲೆ, ಆಪರೇಷನ್ ಆದ ಕಾಲು ಯಂತ್ರದ ಮೇಲೆ ಇಡಿ. ನಿಮ್ಮ ತೂಕ 60 ಕೆಜಿ ಆದರೆ ಮುಳ್ಳು 30 ತೋರಿಸುವವರೆಗೆ ನಿಧಾನಕ್ಕೆ ಒತ್ತಿ. ಆ ಒತ್ತಡ ಪಾದಕ್ಕೆ ಹೇಗನಿಸುತ್ತದೆ ಅಂತ ಗುರುತಿಟ್ಟುಕೊಳ್ಳಿ, ನಡೆಯುವಾಗ ಅಷ್ಟೇ ಹಾಕಿ. ಜೊತೆಯಲ್ಲಿ ಒಬ್ಬರು ನಿಂತಿರಲಿ.

ಊರುಗೋಲಿನ ಮೇಲ್ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಭಾರ ಅಂಗೈ ಮೇಲೆ ಬೀಳಬೇಕು, ಕಂಕುಳಲ್ಲಿ ಜೋತುಬಿದ್ದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಕೈಗೋಲನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಬಲಗಾಲು ನೋವಾದರೆ ಎಡಗೈ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು.

ಕೋಲು ಯಾವಾಗ ಬಿಡಬೇಕು? ಕುಂಟದೆ ನಡೆಯಲು ಬಂದಾಗ. ಕೋಲು ಬಿಟ್ಟು ಕುಂಟುವುದಕ್ಕಿಂತ ಕೋಲು ಹಿಡಿದು ನೆಟ್ಟಗೆ ನಡೆಯುವುದೇ ಒಳ್ಳೆಯದು. ನಾಚಿಕೆಗೆ ಕೋಲು ಬಿಟ್ಟವರ ಸೊಂಟ ಬೆನ್ನು ಆಮೇಲೆ ನೋಯತೊಡಗುತ್ತವೆ.

## ಹಂತ 7: ನೋವು ಹೋದ ಮೇಲೆ ನಿಲ್ಲಿಸಬೇಡಿ

ನೋವು ಹೋಗುವುದು ಮೊದಲು, ಬಲ ಬರುವುದು ಆಮೇಲೆ. ಲಿಗಮೆಂಟ್, ಟೆಂಡನ್ ಒಳಗಿಂದ ಗಟ್ಟಿಯಾಗುತ್ತಾ ಹೋಗುವುದು ತಿಂಗಳುಗಟ್ಟಲೆ ನಡೆಯುತ್ತದೆ. ಹಾಗಾಗಿ ಎರಡೂ ಬದಿಯನ್ನು ಹೋಲಿಸಿ. ಒಂಟಿ ಕಾಲಲ್ಲಿ ಎಷ್ಟು ಸೆಕೆಂಡು ನಿಲ್ಲಬಲ್ಲಿರಿ? ಒಂದೇ ಕಾಲಿನ ತುದಿಬೆರಳ ಮೇಲೆ ಎಷ್ಟು ಸಲ ಏಳಬಲ್ಲಿರಿ? ಒಂದು ಬದಿ 20, ಇನ್ನೊಂದು 8 ಆದರೆ ಕೆಲಸ ಇನ್ನೂ ಬಾಕಿ ಇದೆ. ಕಡಿಮೆ ಇರುವ ಬದಿ ಹೆಚ್ಚುಕಡಿಮೆ ಇನ್ನೊಂದರ ಸಮಕ್ಕೆ ಬಂದ ಮೇಲೆ ಓಟ, ಆಟ, ಭಾರದ ಕೆಲಸ. ಬಲದ ವ್ಯಾಯಾಮ ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವು ಕೊಡಿ.

## ಈಗಾಗಲೇ ತಡವಾಗಿದ್ದರೆ

ಎರಡು ತಿಂಗಳು ಏನೂ ಮಾಡಿಲ್ಲ, ಕೀಲು ಬಿಗಿದಿದೆ ಅನ್ನುವವರು ಮಾಡುವ ದೊಡ್ಡ ತಪ್ಪು ಅಂದರೆ ಒಂದೇ ವಾರದಲ್ಲಿ ಸರಿ ಮಾಡಿಸಲು ಹೋಗುವುದು. ಯಾರೋ ಜೋರಾಗಿ ಹಿಡಿದು ಮಡಚುತ್ತಾರೆ, ಕೀಲು ಊದುತ್ತದೆ, ಮೊದಲಿಗಿಂತ ಬಿಗಿಯಾಗುತ್ತದೆ. ಬಿಗಿದ ಕೀಲಿಗೆ ಬೇಕಾದದ್ದು ಸಣ್ಣ ಎಳೆತ, ಹೆಚ್ಚು ಹೊತ್ತು. ಬೆಚ್ಚಗಿನ ನೀರಲ್ಲಿ ಅಥವಾ ಶಾಖದಲ್ಲಿ ಹತ್ತು ನಿಮಿಷ ಇಟ್ಟು (ಈ ಹೊತ್ತಿಗೆ ಗಾಯ ಮಾಗಿ, ಊತ ಹೋಗಿದ್ದರೆ ಶಾಖ ಕೊಡಬಹುದು), ಸಹಿಸುವಷ್ಟು ಎಳೆದು, 30 ಸೆಕೆಂಡು ಹಿಡಿದು, ಬಿಡಿ. ಹೀಗೆ ಐದು ಸಲ. ದಿನಕ್ಕೆ ನಾಲ್ಕು ಸರದಿ.

ಶುರು ಮಾಡುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ, ಮೂಳೆ ಕೂಡಿದೆ, ಒಳಗಿನ ಹೊಲಿಗೆ ಗಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಮೊದಲ ದಿನದ ಅಳತೆ ಬರೆದಿಡಿ. ಎರಡು ವಾರ ಬಿಡದೆ ಮಾಡಿದರೂ ಅಳತೆ ಒಂದಿಷ್ಟೂ ಕದಲದಿದ್ದರೆ ಆ ನೋಟ್‌ಬುಕ್ ಹಿಡಿದು ಫಿಸಿಯೋ ಹತ್ತಿರ ಹೋಗಿ. "ಏನೂ ಸುಧಾರಿಸಿಲ್ಲ" ಅನ್ನುವ ಮಾತಿಗಿಂತ ಆ ಅಂಕಿಗಳನ್ನು ನೋಡಿದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನುವುದು ನಮಗೆ ಬೇಗ ಗೊತ್ತಾಗುತ್ತದೆ.